ಗುರುತಿನವರು ಯಾರೂ ಇಲ್ಲ

ಸೋಮವಾರ ಅಂಗಡಿಯ ಬಾಗಿಲು ತೆಗೆದು ಎರಡು ಗಂಟೆ ಕಳೆಯುವುದರೊಳಗೆ ಒಂಬತ್ತು ಮಂದಿ ಆ ಹೆಸರನ್ನು ಹೇಗೆ ಹೇಳಬೇಕೆಂದು ಅವನನ್ನು ಕೇಳಿದ್ದರು. ಒಂಬತ್ತನೆಯವರು ಮಿಸೆಸ್ ಕ್ರಾಂಡಲ್. ಶೋಕಕ್ಕೆ ಕಟ್ಟುವ ಕಪ್ಪು ಕ್ರೇಪ್ ಬಟ್ಟೆ ಆರು ಗಜ ಬೇಕೆಂದರು. ಶ್ಚೆಪಾನಿಕ್ ಥಾನನ್ನು ಮೇಜಿನ ಮೇಲೆ ಬಿಚ್ಚಿ, ಅಳತೆಗೋಲು ಹಿಡಿದು ಮೂರನೆಯ ಗಜಕ್ಕೆ ಬಂದಿದ್ದ. ಆಗ ಆಕೆ ಕೈಚೀಲದಿಂದ ಪತ್ರಿಕೆಯ ತುಂಡೊಂದನ್ನು ತೆಗೆದು ಬಟ್ಟೆಯ ಮೇಲೆ ಹರಡಿದರು. ದೇಶದ ಅಧ್ಯಕ್ಷ ಮೆಕಿನ್ಲಿಯವರಿಗೆ ಗುಂಡು ಹೊಡೆದವನ ಹೆಸರಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿತ್ತು. ಗುರುವಾರದ ಪ್ರಾರ್ಥನೆಯಲ್ಲಿ ಪಾದ್ರಿಗಳು ಈ ಹೆಸರು ಹಿಡಿದು ಶಪಿಸುವವರಿದ್ದಾರೆ, ತಪ್ಪು ಹೇಳಿದರೆ ಚೆನ್ನಾಗಿರುವುದಿಲ್ಲ, ನಿಮ್ಮ ಪೋಲೆಂಡಿನವರದೇ ಅಲ್ಲವೇ, ಸ್ವಲ್ಪ ಹೇಳಿಕೊಡಿ ಎಂದರು. ಅವನು ಹೇಳಿದ. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಹೇಳಿದ. ಆಕೆ ಕತ್ತು ಬಗ್ಗಿಸಿ ಅವನ ಬಾಯೊಳಗೆ ನಾಲಿಗೆ ಎಲ್ಲಿ ಹೋಗುತ್ತದೆಂದು ನೋಡುತ್ತಿದ್ದರು, ಸಂತೆಯಲ್ಲಿ ಕುದುರೆಯ ಹಲ್ಲು ನೋಡುವವರ ಹಾಗೆ. ಅಳತೆ ತಪ್ಪಿತು. ಮೂರು ಗಜವೋ ನಾಲ್ಕೋ ತಿಳಿಯದೆ ಮತ್ತೆ ಮೊದಲಿನಿಂದ ಅಳೆಯತೊಡಗಿದ.

ಹದಿನೇಳು ವರ್ಷದ ಹಿಂದೆ ಈ ಅಂಗಡಿಗೆ ಸೇರಿದ ದಿನ, ಮಾಲೀಕ ಓರಿನ್ ಪೆಲ್ಟನ್ ಅವನ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಮಡಿಸಿ ವಾಪಸು ಕೊಟ್ಟು, ಇನ್ನು ಮೇಲೆ ನೀನು ವಾರನ್ ಎಂದಿದ್ದ. ವಾವ್ಜಿನ್ಯೆಟ್ಸ್ ಶ್ಚೆಪಾನಿಕ್ ಎಂಬ ಹೆಸರನ್ನು ಆಮೇಲೆ ಓಹಾಯೋದ ಈ ಊರಿನಲ್ಲಿ ಅವನ ಹೆಂಡತಿಯ ಹೊರತು ಯಾರೂ ಹೇಳಿರಲಿಲ್ಲ, ಹೇಗೆ ಹೇಳಬೇಕೆಂದು ಕೇಳಿಯೂ ಇರಲಿಲ್ಲ. ಅದರಿಂದ ಅವನಿಗೆ ದುಃಖವಾಗಿತ್ತೆಂದಲ್ಲ. ಬೇಸಿಗೆಯಲ್ಲಿ ಕೋಟು ತೆಗೆದಿಟ್ಟ ಹಾಗೆ ತೆಗೆದಿಟ್ಟಿದ್ದ. ಈಗ ಒಂದು ವಾರದಿಂದ ಊರಿಗೆ ಊರೇ ಅವನ ಬಾಯಿಯನ್ನೇ ಕಾಯುತ್ತಿತ್ತು. ಆ ಹಂತಕ ಹುಟ್ಟಿದ್ದು ಮಿಶಿಗನ್ನಿನಲ್ಲಿ, ಪೋಲೆಂಡಿನ ಮಣ್ಣನ್ನು ಅವನು ಕಂಡೂ ಇಲ್ಲ ಎಂದು ಅದೇ ಪತ್ರಿಕೆಯಲ್ಲಿ ಎರಡು ಸಾಲು ಕೆಳಗೆ ಬರೆದಿತ್ತು. ಪೆನ್ಸಿಲಿನ ಗೆರೆ ಅಲ್ಲಿಯವರೆಗೆ ಹೋಗಿರಲಿಲ್ಲ. ಅವನನ್ನು ಹೆಚ್ಚಾಗಿ ಕೊರೆಯುತ್ತಿದ್ದುದು ಬೇರೆ. ಹೇಳಿಕೊಡುವಾಗ ಅವನಿಗೆ ಒಳಗೊಳಗೇ ಹಿತವಾಗುತ್ತಿತ್ತು. 'ಚ' ಇನ್ನೂ ಸ್ವಲ್ಪ ಗಟ್ಟಿ, ಹಾಗಲ್ಲ, ತುಟಿ ಮುಂದೆ ತನ್ನಿ ಎಂದು ಊರಿನ ವೈದ್ಯರನ್ನೂ ಬ್ಯಾಂಕಿನವನನ್ನೂ ತಿದ್ದಿದ್ದ. ಅವರು ವಿಧೇಯರಾಗಿ ತುಟಿ ಮುಂದೆ ತಂದಿದ್ದರು. ಶನಿವಾರ ಅಧ್ಯಕ್ಷರು ತೀರಿಕೊಂಡ ಸುದ್ದಿಗೆ ಗಂಟೆ ಬಾರಿಸತೊಡಗಿದಾಗ ಅವನಿಗೆ ಮೊದಲು ಹೊಳೆದದ್ದು, ಇನ್ನೂ ಒಂದು ವಾರ ಜನ ಕೇಳುತ್ತಾರೆ ಎಂಬುದು. ಆ ಯೋಚನೆಯನ್ನು ಅವನು ಕೂಡಲೇ ಅದುಮಿಟ್ಟ. ಆದರೆ ಅದು ಬಂದಿದ್ದಂತೂ ನಿಜ.

"ಆಯ್ತಾ, ವಾರನ್?" ಎಂದರು ಮಿಸೆಸ್ ಕ್ರಾಂಡಲ್. "ಬೇಜಾರು ಮಾಡ್ಕೋಬೇಡಿ. ಕತ್ತರಿಸೋದನ್ನ ಮಿಸ್ಟರ್ ಪೆಲ್ಟನ್ನೇ ಕತ್ತರಿಸಲಿ. ಅಧ್ಯಕ್ಷರಿಗೆ ಅಂತ ಕಟ್ಟೋ ಬಟ್ಟೆ ನೋಡಿ."

ಪೆಲ್ಟನ್ ಬಂದು ಕತ್ತರಿಸಿದ. ಕೈ ಪಳಗಿರದ ಕಾರಣ ಅಂಚು ಸೊಟ್ಟಗಾಯಿತು. ಶ್ಚೆಪಾನಿಕ್ ಆ ಸೊಟ್ಟ ಅಂಚನ್ನೇ ನೋಡುತ್ತ ನಿಂತ. ಅದನ್ನು ಸರಿಮಾಡಲು ಬೆರಳು ತುಡಿಯುತ್ತಿತ್ತು. ಆಕೆ ಹೋದ ಮೇಲೆ ಪೆಲ್ಟನ್, ಕಪ್ಪು ಮುಗಿಯುತ್ತ ಬಂತು, ಕಡುನೀಲಿ ತೆಗೆದಿಡು, ಸಂಜೆಯ ಬೆಳಕಿಗೆ ಅದೂ ಕಪ್ಪೇ ಎಂದು ಹೇಳು ಎಂದ. ಮಿಸೆಸ್ ಕ್ರಾಂಡಲ್ ಮನಸ್ಸು ಕೆಟ್ಟದ್ದಲ್ಲ ಎಂದೂ ಸೇರಿಸಿದ. ಪೆಲ್ಟನ್ ಕೂಡ ಕೆಟ್ಟವನಲ್ಲ. ಶನಿವಾರ ಅವನೇ ಶ್ಚೆಪಾನಿಕ್‌ನನ್ನು ಪಕ್ಕಕ್ಕೆ ಕರೆದು, ನಿನ್ನ ಮನೆಗೆ ಎಲ್ಲರಿಗಿಂತ ಮೊದಲು ಕಟ್ಟಿಬಿಡು, ಸ್ವಲ್ಪ ಧಾರಾಳವಾಗಿಯೇ ಕಟ್ಟು ಎಂದಿದ್ದ. ಅವನು ಕಟ್ಟಿದ್ದ. ಬಾಗಿಲಿಗೆ, ಎರಡು ಕಿಟಕಿಗೆ, ಮುಂದಿನ ಬೇಲಿಗೆ, ಕೊನೆಗೆ ನೀರಿನ ಪಂಪಿಗೂ. ಹೆಂಡತಿ ಬ್ರೋನ್ಯಾ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದು ಎಲ್ಲವನ್ನೂ ನೋಡಿ, "ನಮ್ಮಪ್ಪ ಸತ್ತಾಗ ನೀನು ಟೋಪಿ ತೆಗೆದಿದ್ದೇ ದೊಡ್ಡದು" ಎಂದು ಒಳಗೆ ಹೋದಳು.

ಹನ್ನೊಂದು ಗಂಟೆಗೆ ಕಾನ್‌ಸ್ಟೇಬಲ್ ಡಾಬ್ಸ್ ಬಂದ. ಶ್ಚೆಪಾನಿಕ್ ಅಳತೆಗೋಲು ಕೆಳಗಿಟ್ಟು ಮೇಜಿನ ಹಿಂದಿನಿಂದ ತಾನೇ ಹೊರಗೆ ಬಂದ. ಆದರೆ ಡಾಬ್ಸ್ ಬಂದದ್ದು ಅವನನ್ನು ಹಿಡಿಯುವುದಕ್ಕಲ್ಲ, ಕೇಳಿಕೊಳ್ಳುವುದಕ್ಕೆ. ಶನಿವಾರ ಒಬ್ಬ ಪರದೇಶಿಯನ್ನು ಲಾಕಪ್ಪಿಗೆ ಹಾಕಿದ್ದಾರೆ. ಔಷಧಿ ಅಂಗಡಿಯ ಕಿಟಕಿಯಲ್ಲಿ ಕಪ್ಪು ಕಟ್ಟಿಟ್ಟಿದ್ದ ಅಧ್ಯಕ್ಷರ ಚಿತ್ರದ ಮುಂದೆ ನಿಂತು ಅವನು ಹಲ್ಲು ಕಿರಿದನಂತೆ, ಜನ ನಾಲ್ಕೇಟು ಹಾಕಿ ಹಿಡಿದುಕೊಟ್ಟರಂತೆ. ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ, ನಿಮ್ಮ ಭಾಷೆಯವನೇ ಇರಬೇಕು, ಮ್ಯಾಜಿಸ್ಟ್ರೇಟರು ನಿನ್ನನ್ನು ಕರೆಯುತ್ತಿದ್ದಾರೆ. ಪೆಲ್ಟನ್ ತಾನೇ ಕೋಟು ತಂದು ಅವನಿಗೆ ತೊಡಿಸಿದ. ಬೀದಿ ದಾಟುವಾಗ ಶ್ಚೆಪಾನಿಕ್ ಡಾಬ್ಸನಿಗಿಂತ ಅರ್ಧ ಹೆಜ್ಜೆ ಮುಂದೆ ನಡೆದ, ತನ್ನನ್ನು ಯಾರೂ ಎಳೆದುಕೊಂಡು ಹೋಗುತ್ತಿಲ್ಲವೆಂದು ನೋಡುವವರಿಗೆ ಗೊತ್ತಾಗಲೆಂದು. ಆಮೇಲೆ ಅದು ತಪ್ಪಿಸಿಕೊಂಡು ಓಡುವ ಹಾಗೆ ಕಾಣಬಹುದೆನಿಸಿ ಸಮಸಮಕ್ಕೆ ನಡೆದ.

ಬೆಂಕಿ ಆರಿಸುವ ಬಂಡಿಗಳ ಕೊಟ್ಟಿಗೆಯ ಹಿಂದೆ ಎರಡು ಕಲ್ಲಿನ ಕೋಣೆ. ಒಂದು ಲಾಕಪ್ಪು, ಇನ್ನೊಂದು ನ್ಯಾಯಾಲಯ. ಮ್ಯಾಜಿಸ್ಟ್ರೇಟರು ಉಳಿದ ದಿನಗಳಲ್ಲಿ ಕುದುರೆಗೆ ಹಾಕುವ ಧಾನ್ಯ ಮಾರುವವರು, ಕೋಟಿನ ತೋಳಿಗೆ ಹೊಟ್ಟು ಅಂಟಿತ್ತು. ಎದುರಿನ ಬೆಂಚಿನ ಮೇಲೆ ಐವತ್ತು ದಾಟಿದ ಒಬ್ಬ ಮನುಷ್ಯ, ಹರಕು ಜಾಕೆಟ್ಟು, ಊದಿದ ಎಡಗೆನ್ನೆ, ಕೈಯಲ್ಲಿ ಟೋಪಿ. ಅವನು ತಲೆಯೆತ್ತಿದ. ಶ್ಚೆಪಾನಿಕ್‌ಗೆ ಅವನ ಗುರುತು ಕೂಡಲೇ ಸಿಗಲಿಲ್ಲ. ಮೊದಲು ಬಂದದ್ದು ವಾಸನೆ. ಲಾಕಪ್ಪಿನಲ್ಲಿ ಇಲ್ಲದ ವಾಸನೆ, ಹಸಿ ಕೋಸಿನದು. ಇಪ್ಪತ್ತೆರಡು ವರ್ಷದ ಹಿಂದೆ ಪೋಲೆಂಡಿನ ಆ ಭಾಗವನ್ನು ಆಳುತ್ತಿದ್ದ ಆಸ್ಟ್ರಿಯಾದ ಸೈನ್ಯಕ್ಕೆ ಹುಡುಗರನ್ನು ಸೇರಿಸಿಕೊಳ್ಳಲು ಊರಿಗೆ ಸಿಪಾಯಿಗಳು ಬಂದಾಗ ಶ್ಚೆಪಾನಿಕ್ ಒಂದು ಗಾಡಿಯ ತುಂಬ ಕೋಸಿನ ಅಡಿಯಲ್ಲಿ ಮಲಗಿದ್ದ. ಎಲೆಗಳ ನೀರು ಕತ್ತಿನೊಳಗೆ ಇಳಿಯುತ್ತಿತ್ತು. ಸೇತುವೆಯ ಹತ್ತಿರ ಗಾಡಿ ನಿಂತಿತು. ಯಾರೋ ಕೋಲಿನಿಂದ ರಾಶಿಯನ್ನು ತಿವಿದರು. ಕೋಲಿನ ತುದಿ ಅವನ ತೊಡೆಗೆ ತಾಗಿ ಹಿಂದೆ ಹೋಯಿತು. ಶಿಮೋನನ ಮಗನನ್ನು ಕಂಡೆಯಾ ಎಂದು ಸಿಪಾಯಿ ಅವನ ಅಪ್ಪನ ಹೆಸರು ಹಿಡಿದು ಕೇಳಿದ. ಯಾವ ಶಿಮೋನ, ಎಂದಿತು ಗಾಡಿ ಹೊಡೆಯುವವನ ದನಿ. ಚಾವಟಿಯ ಸದ್ದು ಕೇಳಿಸಿತು. ಅದು ಎತ್ತಿಗೆ ಬಿದ್ದದ್ದಲ್ಲ. ಆಮೇಲೆ ಅದೇ ದನಿ, ಏನೂ ಆಗದ ಹಾಗೆ, ಬೇಕಾದರೆ ಎರಡು ಕೋಸು ತಗೊಳ್ಳಿ ಎಂದಿತು. ಮಾಚೇಯ್ ವ್ರೂಬೆಲ್. ಪಕ್ಕದ ಮನೆಯಲ್ಲಿ ಉಳುಮೆಗೆ ಇದ್ದವನು, ಈಗ ಎದುರಿನ ಬೆಂಚಿನ ಮೇಲಿದ್ದವನೂ ಅವನೇ.

"ಯಾಕೆ ನಕ್ಕ ಅಂತ ಕೇಳು" ಎಂದರು ಮ್ಯಾಜಿಸ್ಟ್ರೇಟರು.

ಕೇಳಿದ. ನಗಲಿಲ್ಲ, ಹಲ್ಲು ನೋವು, ಗಾಳಿ ತಗುಲಿದರೆ ತುಟಿ ಹೀಗೆ ಮೇಲೆ ಹೋಗುತ್ತದೆ ಎಂದು ಮಾಚೇಯ್ ತುಟಿ ಎತ್ತಿ ತೋರಿಸಿದ. ಕಲ್ಲುಗಣಿಯಲ್ಲಿ ಕೆಲಸ ಹೋಯಿತು, ಬೇರೆ ಕೆಲಸ ಹುಡುಕಿಕೊಂಡು ನಡೆದು ಬಂದೆ, ಕಿಟಕಿಯಲ್ಲಿದ್ದ ಮನುಷ್ಯ ಯಾರೆಂದು ನನಗೆ ಗೊತ್ತಿಲ್ಲ, ಮುಖ ಲಕ್ಷಣವಾಗಿತ್ತು, ಅದಕ್ಕೇ ನೋಡಿದೆ ಎಂದ. ಶ್ಚೆಪಾನಿಕ್ ಇಷ್ಟನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದ, ಲಕ್ಷಣವಾಗಿತ್ತು ಎಂಬುದನ್ನೂ. ಮ್ಯಾಜಿಸ್ಟ್ರೇಟರು ಬಾಯಿ ತೆರೆಸಿದರು. ಡಾಬ್ಸ್ ಬಗ್ಗಿ ನೋಡಿ, "ಇದೆ. ಕೆಳಗಡೆ, ಎಡಕ್ಕೆ" ಎಂದ. ಅದನ್ನು ಬರೆದುಕೊಂಡದ್ದೂ ಆಯಿತು. ಹಲ್ಲು ನೋವು ಅಪರಾಧವಲ್ಲ ಎಂದರು ಮ್ಯಾಜಿಸ್ಟ್ರೇಟರು. ಆದರೆ ಕಾಲ ಹೀಗಿರುವಾಗ ಯಾರೆಂದು ತಿಳಿಯದವನನ್ನು ಬೀದಿಗೆ ಬಿಟ್ಟರೆ ಜನ ತಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಪೆನ್ನು ಕೆಳಗಿಟ್ಟು ಮುಂದೆ ಬಾಗಿದರು.

"ಈ ಊರಲ್ಲಿ ಇವನ ಗುರುತಿನವರು ಯಾರಾದ್ರೂ ಇದ್ದಾರಾ ಕೇಳು. ಒಬ್ಬರು ಹೂಂ ಅಂದ್ರೆ ಸಾಕು, ಈಗಲೇ ಕಳಿಸಿಬಿಡ್ತೀನಿ."

ಶ್ಚೆಪಾನಿಕ್ ಕೇಳಿದ. ಮಾಚೇಯ್‌ನ ಮುಖ ಸಡಿಲಾಯಿತು. ಇಷ್ಟು ಹೊತ್ತು ಇದೇ ಪ್ರಶ್ನೆಗೆ ಕಾಯುತ್ತಿದ್ದವನ ಹಾಗೆ ಗಲ್ಲದಿಂದ ಅವನ ಕಡೆಗೇ ತೋರಿಸಿದ.

"ನೀನಿದ್ದೀಯಲ್ಲೋ. ಜುಕೋವಾದ ಶಿಮೋನನ ಮಗ ಅಲ್ವಾ ನೀನು? ಬಾಗಿಲಲ್ಲಿ ನಿಂತಾಗಲೇ ಕಿವಿ ನೋಡಿ ಗೊತ್ತಾಯ್ತು. ನಿಮ್ಮಪ್ಪನದೇ ಕಿವಿ. ಹೇಳು ಇವರಿಗೆ, ಮಾಚೇಯ್ ಅಂಥವನಲ್ಲ ಅಂತ."

"ಏನಂತಾನೆ?"

ಗೋಡೆಯ ಮೇಲೆ ಅಧ್ಯಕ್ಷರ ಚಿತ್ರವಿತ್ತು. ಅದಕ್ಕೆ ಕಟ್ಟಿದ್ದ ಬಟ್ಟೆ ಪೆಲ್ಟನ್ ಅಂಗಡಿಯದು, ಶನಿವಾರ ತಾನೇ ಅಳೆದು ಕೊಟ್ಟದ್ದು, ಒಂದೂವರೆ ಗಜ. ಅಂಚು ನೇರವಾಗಿತ್ತು. ಅದನ್ನು ನೋಡುತ್ತ ಶ್ಚೆಪಾನಿಕ್ ಏನನ್ನೂ ನಿರ್ಧರಿಸಲಿಲ್ಲ. ಹೌದು, ಇವನು ನಮ್ಮ ಊರಿನವನು ಎಂಬ ವಾಕ್ಯ ಬಾಯಲ್ಲಿ ತಯಾರಾಗಿ ಕೂತಿತ್ತು. ಅದು ಹೊರಗೆ ಬಂದರೆ ನಾಳೆ ಮಿಸೆಸ್ ಕ್ರಾಂಡಲ್ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ನಾಡಿದ್ದು ಯಾರೂ ಹತ್ತುವುದಿಲ್ಲ, ಆಮೇಲೆ ಪೆಲ್ಟನ್ ತುಂಬ ನೊಂದುಕೊಂಡು ತಾನೇ ಕೋಟು ತಂದು ತೊಡಿಸಿ ಮನೆಗೆ ಕಳಿಸುತ್ತಾನೆ. ಇದನ್ನೆಲ್ಲ ಯೋಚಿಸಿದ್ದು ಆಮೇಲೆ, ಬೀದಿಯಲ್ಲಿ. ಆಗ ಬಾಯಿಂದ ಬಂದದ್ದು ಇಷ್ಟೇ:

"ಗುರುತಿನವರು ಯಾರೂ ಇಲ್ಲ ಅಂತಾನೆ."

"ಅಷ್ಟಕ್ಕೆ ಇಷ್ಟುದ್ದ ಹೇಳಿದ್ನಾ?"

"ಆ ಭಾಷೆ ಸ್ವಲ್ಪ ಉದ್ದ, ಸರ್."

ಹತ್ತು ದಿನ, ಆಮೇಲೆ ಕೌಂಟಿಯ ಗಡಿ ದಾಟಿಸುವುದು ಎಂದು ಮ್ಯಾಜಿಸ್ಟ್ರೇಟರು ಬರೆದರು. ಅದನ್ನೂ ಅವನೇ ಹೇಳಬೇಕಾಯಿತು. ಹೇಳಿದ. ಹತ್ತು ಎಂಬ ಮಾತನ್ನು ತಮ್ಮ ಊರಿನವರು ಎಳೆದು ಹೇಳುವ ಹಾಗೆಯೇ ಎಳೆದು ಹೇಳಿದನೆಂದು ಅವನಿಗೆ ಕೇಳಿಸಿತು. ಮಾಚೇಯ್ ಅವನನ್ನೇ ನೋಡಿದ, ಕಣ್ಣಲ್ಲಿ ಸಿಟ್ಟಿರಲಿಲ್ಲ. ರೈಲು ತಡವಾಗಿ ಬರುತ್ತದೆ ಎಂದು ಸ್ಟೇಷನ್ನಿನವನು ಹೇಳಿದರೆ ತಲೆಯಾಡಿಸುವಂತೆ ತಲೆಯಾಡಿಸಿದ. ಮ್ಯಾಜಿಸ್ಟ್ರೇಟರು ಎದ್ದು ಬಂದು ಶ್ಚೆಪಾನಿಕ್‌ನ ಕೈ ಕುಲುಕಿ, ನಿನ್ನಂಥವರು ಇರುವುದರಿಂದಲೇ ಇಂಥವರನ್ನು ನೋಡಿ ಎಲ್ಲರನ್ನೂ ಅಳೆಯಬಾರದು ಎಂದು ನಾನು ಜನರಿಗೆ ಹೇಳುವುದು ಎಂದರು. ಥ್ಯಾಂಕ್ಸ್ ಎಂದ.

ಸಂಜೆ ಬ್ರೋನ್ಯಾಗೆ ಹೇಳಿದ. ಹೇಳಬಾರದೆಂದುಕೊಂಡೇ ಮನೆಗೆ ಬಂದಿದ್ದ. ಆದರೆ ಅವಳು ತಟ್ಟೆಗೆ ಹಾಕಿದ್ದು ಕೋಸಿನ ಪಲ್ಯ. ನಮ್ಮೂರಿನವನೊಬ್ಬ ಲಾಕಪ್ಪಿನಲ್ಲಿದ್ದಾನೆ ಎಂದ. ಯಾರು ಎಂದಳು. ಮಾಚೇಯ್ ಎಂದ. ಗಾಡಿಯ ಕತೆಯನ್ನು ಮದುವೆಯಾದ ಹೊಸದರಲ್ಲಿ ಅವಳಿಗೆ ಎಷ್ಟೋ ಸಲ ಹೇಳಿದ್ದ. ಹೇಳುವಾಗಲೆಲ್ಲ ಚಾವಟಿಯ ಭಾಗ ಬಂದಾಗ ದನಿ ತಗ್ಗಿಸುತ್ತಿದ್ದ, ಅದರಿಂದ ಕತೆಗೆ ಕಳೆ ಬರುತ್ತಿತ್ತು. ಬ್ರೋನ್ಯಾ ಚಮಚ ಕೆಳಗಿಟ್ಟಳು. "ನೀನೇನಂದೆ?" ಎಂದು ಕೇಳಿದಳು. ಅವನು ಹೇಳಿದ. ಅವಳು ತನ್ನ ತಟ್ಟೆ ಎತ್ತಿಕೊಂಡು ಒಲೆಯ ಕಡೆ ಹೋದಳು. ಬೈದಿದ್ದರೆ ತನ್ನ ಪರವಾಗಿ ಹೇಳುವುದಕ್ಕೆ ಅವನ ಹತ್ತಿರ ನಾಲ್ಕು ಮಾತಿದ್ದವು. ಕ್ಲೀವ್‌ಲ್ಯಾಂಡಿನಲ್ಲಿ ನಮ್ಮವರನ್ನು ಕಾರ್ಖಾನೆಗಳಿಂದ ಹೊರಗೆ ಹಾಕುತ್ತಿದ್ದಾರಂತೆ, ಹತ್ತು ದಿನ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ, ಹೊರಗೆ ಬಿಟ್ಟಿದ್ದರೆ ಜನ ಇನ್ನೂ ಹೊಡೆಯುತ್ತಿದ್ದರು, ಒಂದು ಲೆಕ್ಕಕ್ಕೆ ಒಳಗೇ ಕ್ಷೇಮ. ಅವಳು ಬೈಯದಿದ್ದುದರಿಂದ ಆ ಮಾತುಗಳು ಒಳಗೇ ಉಳಿದು ಹಳಸತೊಡಗಿದವು.

ಬುಧವಾರ ಬ್ರೋನ್ಯಾ ಮುಚ್ಚಳದ ಪಾತ್ರೆಯಲ್ಲಿ ಬಾರ್ಲಿ ಸೂಪು ತೆಗೆದುಕೊಂಡು ಲಾಕಪ್ಪಿಗೆ ಹೋಗಿಬಂದಳು. ಅಂಗಡಿಯ ಕಿಟಕಿಯಿಂದ ಅವನು ನೋಡಿದ. ತನ್ನ ಹೆಂಡತಿ ಹಗಲು ಹೊತ್ತಿನಲ್ಲಿ, ಪಾತ್ರೆ ಹಿಡಿದು, ಬೀದಿಯ ನಟ್ಟನಡುವೆ. ಪೆಲ್ಟನ್ ಕೂಡ ನೋಡಿ, ಧರ್ಮದ ಕೆಲಸ ಎಂದ. ಆದರೆ ಎರಡು ಸಲ ಹಾಗೆಂದ. ಮನೆಗೆ ಹೋದ ಮೇಲೆ ಶ್ಚೆಪಾನಿಕ್ ಬೂಟು ಬಿಚ್ಚುತ್ತ, ಏನಾದರೂ ಹೇಳಿದನೇ ಎಂದು ಕೇಳಿದ.

"ಸೂಪು ಚೆನ್ನಾಗಿದೆ ಅಂದ."

"ನೀನು ಯಾರು ಅಂತ ಹೇಳಿದ್ಯಾ?"

"ಅವನು ಕೇಳ್ಲಿಲ್ಲ."

ಬೆಳ್ಳುಳ್ಳಿ ಜಜ್ಜಿ ಹಲ್ಲಿಗೆ ಇಟ್ಟು ಬಂದೆ ಎಂದು ಮಾತ್ರ ಹೇಳಿದಳು. ಅವನಿಗೆ ಡಾಬ್ಸನ ಮಾತು ನೆನಪಾಯಿತು. ಕೆಳಗಡೆ, ಎಡಕ್ಕೆ. ಇಡೀ ವಾರ ಎಲ್ಲರೂ ತನ್ನ ಬಾಯಿಯನ್ನು ನೋಡಿದ್ದರು, ತಾನು ಮಾತ್ರ ಅವನ ಬಾಯಿಯನ್ನು ನೋಡಿರಲಿಲ್ಲ, ಡಾಬ್ಸ್ ಬಗ್ಗಿದಾಗ ಗೋಡೆಯ ಕಡೆ ತಿರುಗಿದ್ದ ಎಂಬುದು ಈಗ ಅವನ ಗಮನಕ್ಕೆ ಬಂತು.

ಗುರುವಾರ ಅಧ್ಯಕ್ಷರನ್ನು ಅವರ ಊರಿನಲ್ಲಿ ಮಣ್ಣು ಮಾಡುವ ದಿನ. ರೈಲಿನಲ್ಲಿ ಎರಡು ಗಂಟೆಯ ದಾರಿ. ಹೋಗಬಲ್ಲವರೆಲ್ಲ ಬೆಳಗಿನ ರೈಲಿಗೇ ಹೋಗಿದ್ದರು. ಮೂರೂವರೆಗೆ ಸರಿಯಾಗಿ ದೇಶದಲ್ಲೆಲ್ಲ ಐದು ನಿಮಿಷ ಎಲ್ಲವೂ ನಿಲ್ಲಬೇಕೆಂದು ಗೊತ್ತಾಗಿತ್ತು. ರೈಲು, ಟ್ರಾಮು, ತಂತಿ, ಯಂತ್ರ, ಮನುಷ್ಯರು. ಊರಿನಲ್ಲಿ ಉಳಿದವರು ಮೂರೂಕಾಲಿಗೇ ಬಂದು ಪೆಲ್ಟನ್ ಅಂಗಡಿಯ ಮುಂದೆ ಹಲಗೆ ಹಾಸಿದ ಕಾಲುದಾರಿಯ ಮೇಲೆ ಸಾಲಾಗಿ ನಿಂತರು. ಮಿಸೆಸ್ ಕ್ರಾಂಡಲ್ ಬಂದರು. ತೋಳಿಗೆ ಕಟ್ಟಿದ್ದ ಪಟ್ಟಿ ಕಡುನೀಲಿ, ಸಂಜೆಯಾಗಲು ಇನ್ನೂ ಹೊತ್ತಿತ್ತು. ಆಕೆ ಶ್ಚೆಪಾನಿಕ್‌ನನ್ನು ನೋಡಿ ಸ್ನೇಹದಿಂದಲೇ ತಲೆಯಾಡಿಸಿ, ಪಾದ್ರಿಗಳು ಬೆಳಗ್ಗೆ ಹೆಸರನ್ನು ಬಹಳ ಚೆನ್ನಾಗಿ ಹೇಳಿದರು, ಒಂದು ಸಲವೂ ತಡವರಿಸಲಿಲ್ಲ ಎಂದರು. ಪೆಲ್ಟನ್ ಗಡಿಯಾರ ಹೊರಗೆ ತೆಗೆದು ಅಂಗೈಯಲ್ಲಿ ಹಿಡಿದುಕೊಂಡ. ಗಂಟೆ ಒಂದು ಸಲ ಬಡಿಯಿತು. ಎಲ್ಲ ನಿಂತಿತು.

ಇಂಥ ನಿಶ್ಶಬ್ದವನ್ನು ಅವನು ಹಿಂದೆ ಕೇಳಿದ್ದು ಒಂದೇ ಸಲ, ಸೇತುವೆಯ ಹತ್ತಿರ ಗಾಡಿ ನಿಂತಾಗ. ಧಾನ್ಯದ ಗೋದಾಮಿನ ಆಚೆ ಗೂಡ್ಸ್ ರೈಲೊಂದು ಊರಿನೊಳಗೆ ಅರ್ಧ, ಹೊರಗೆ ಅರ್ಧ ನಿಂತಿತ್ತು. ಎಲ್ಲರ ತಲೆ ಬಗ್ಗಿತ್ತು. ಹಣೆಗಳು ಕಾಣಿಸುತ್ತಿರಲಿಲ್ಲ, ನೆತ್ತಿಗಳು ಮಾತ್ರ. ಶ್ಚೆಪಾನಿಕ್ ಅಧ್ಯಕ್ಷರನ್ನು ನೆನೆಯಲು ಪ್ರಯತ್ನಿಸಿದ. ಒಳ್ಳೆಯ ಮನುಷ್ಯರಂತೆ. ಎಂಟು ದಿನ ನೋವು ತಿಂದರಂತೆ. ತನಗೆ ಗುಂಡು ಹೊಡೆದವನಿಗೆ ಹೆಚ್ಚು ಹೊಡೆಯಬೇಡಿ ಎಂದು ಸುತ್ತಲಿದ್ದವರಿಗೆ ಹೇಳಿದರಂತೆ, ಪತ್ರಿಕೆಯಲ್ಲಿ ಬಂದಿತ್ತು. ಯೋಚನೆ ಅಲ್ಲಿಗೆ ಬಂದಾಗ ತಾನು ನಡೆಯುತ್ತಿರುವುದು ಅವನಿಗೇ ಗೊತ್ತಾಯಿತು. ಹಲಗೆಯಿಂದ ಕೆಳಗಿಳಿದು ಆಗಿತ್ತು. ಬೂಟಿನ ಕೆಳಗೆ ಜಲ್ಲಿ ಕರಕರ ಎನ್ನುತ್ತಿತ್ತು, ಇಡೀ ಊರಿನಲ್ಲಿ ಅದೊಂದೇ ಸದ್ದು. ಮೆಲ್ಲಗೆ ನಡೆದರೆ ಸದ್ದು ಇನ್ನೂ ಉದ್ದವಾಗುತ್ತಿತ್ತು, ಬೇಗ ನಡೆದರೆ ಜೋರಾಗುತ್ತಿತ್ತು. ಹಿಂದೆ ಒಂದೊಂದಾಗಿ ತಲೆಗಳು ಏಳುತ್ತಿರುವುದು ಅವನ ಬೆನ್ನಿಗೆ ಗೊತ್ತಾಗುತ್ತಿತ್ತು. ಬೀದಿಯ ಮಧ್ಯದಲ್ಲಿ ನಿಂತು ಹಿಂದಿರುಗಬಹುದಾಗಿತ್ತು. ಹಿಂದಿರುಗುವುದಕ್ಕೂ ಅಷ್ಟೇ ಹೆಜ್ಜೆ.

ಲಾಕಪ್ಪಿನ ಬಾಗಿಲಿನಲ್ಲಿ ಡಾಬ್ಸ್ ಹ್ಯಾಟನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ. ಐದು ನಿಮಿಷ ಮುಗಿಯುವವರೆಗೆ ಅವನು ಮಾತಾಡುವಂತಿರಲಿಲ್ಲ, ಕಣ್ಣಿನಿಂದ ಮಾತ್ರ ಬೈದ. ಶ್ಚೆಪಾನಿಕ್ ಅವನನ್ನು ಹಾದು ಒಳಗೆ ಹೋದ. ಸರಳುಗಳ ಆಚೆ ಮಾಚೇಯ್ ಕೂಡ ನಿಂತಿದ್ದ. ಎಲ್ಲರೂ ನಿಂತಿದ್ದರಿಂದ ತಾನೂ ನಿಂತಿರಬೇಕು, ಟೋಪಿ ಕೈಯಲ್ಲಿತ್ತು. ಕೆನ್ನೆಯ ಊತ ಇಳಿದಿತ್ತು. ಎಡಗಿವಿಯಿಂದ ಕುತ್ತಿಗೆಯವರೆಗೆ ಹಳೆಯ ಬಿಳಿ ಗೆರೆಯೊಂದು ಈಗ ಕಾಣುತ್ತಿತ್ತು.

ಶ್ಚೆಪಾನಿಕ್ ತಮ್ಮ ಭಾಷೆಯಲ್ಲಿ, ತಗ್ಗಿದ ದನಿಯಲ್ಲಿ ಹೇಳಿದ. ನಾನು ಶಿಮೋನನ ಮಗ, ನೀನು ಹೇಳಿದ್ದು ನಿಜ, ಆವತ್ತು ನನಗೆ ಧೈರ್ಯ ಸಾಲಲಿಲ್ಲ ಎಂದ. ಇಷ್ಟು ಹೇಳಿದ ಮೇಲೆ ಇನ್ನೇನು ಹೇಳಬೇಕೆಂದು ತೋಚದೆ, ಅಪ್ಪ ಹೋಗಿ ಒಂಬತ್ತು ವರ್ಷವಾಯಿತಂತೆ, ಕಾಗದ ಬಂದಿತ್ತು ಎಂದ.  ಮಾಚೇಯ್ ಡಾಬ್ಸನ ಎದೆಯ ಮೇಲಿನ ಹ್ಯಾಟನ್ನು ನೋಡಿ, ಮಾತಾಡುವ ಹೊತ್ತಲ್ಲವೆಂದು ತಿಳಿದವನ ಹಾಗೆ ಸುಮ್ಮನೆ ನಿಂತ.

ಗಂಟೆ ಬಡಿಯಿತು. ಗೂಡ್ಸ್ ರೈಲು ಕೂಗಿ ಹೊರಟಿತು.

"ಐದು ನಿಮಿಷ ತಡೆಯೋಕಾಗ್ಲಿಲ್ವಾ ನಿಂಗೆ?" ಎಂದ ಡಾಬ್ಸ್. "ಊರೆಲ್ಲಾ ನೋಡ್ತು."

"ಸೋಮವಾರ ನಾನು ತಪ್ಪು ಹೇಳ್ದೆ. ಇವನು ಗುರುತಿನವರು ಒಬ್ಬರಿದ್ದಾರೆ ಅಂದಿದ್ದ."

"ಯಾರು?"

"ನಾನು."

ಡಾಬ್ಸ್ ಯೋಚಿಸಿದ. ಅವನು ನಿಧಾನಿ, ಅನ್ಯಾಯ ಮಾಡುವವನಲ್ಲ. ಮ್ಯಾಜಿಸ್ಟ್ರೇಟರು ನಾಳೆ ಬೆಳಗ್ಗೆ ಬರುತ್ತಾರೆ, ಹಾಗಿದ್ದರೆ ಬಿಟ್ಟುಬಿಡುತ್ತಾರೆ, ಆದರೆ ನಾನು ಅವರಿಗೆ ಹೇಳಬೇಕಾದರೆ ನನ್ನೆದುರಿಗೆ ಆಗಬೇಕು ಎಂದ. "ಕೇಳು ಇವನನ್ನ. ನಿನ್ನ ಗುರುತು ಇದೆಯಾ ಅಂತ ಕೇಳು."

ಶ್ಚೆಪಾನಿಕ್ ಸರಳುಗಳ ಕಡೆ ತಿರುಗಿದ. ನನ್ನ ಗುರುತು ನಿನಗಿದೆಯೇ ಎಂದು ಕೇಳಿದ. ಹೇಳು, ಹೂಂ ಎಂದರೆ ಸಾಕು, ನಾಳೆ ಬಿಡುತ್ತಾರೆ ಎಂದೂ ಸೇರಿಸಿದ.

ಮಾಚೇಯ್ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ಊರಿನಲ್ಲಿ ಜಮೀನುದಾರರ ಮುಂದೆ ನಿಲ್ಲುವ ಹಾಗೆ ಸ್ವಲ್ಪ ಬಾಗಿ ನಿಂತ. ದನಿಯಲ್ಲಿ ಕುಹಕವಿರಲಿಲ್ಲ.

"ಇಲ್ಲ ಸ್ವಾಮಿ. ನಿಮ್ಮ ಗುರುತು ನನಗಿಲ್ಲ. ಶಿಮೋನನ ಮಗ ಅಂದ್ಕೊಂಡು ನಾನು ಏನೋ ಅಂದ್ಬಿಟ್ಟೆ, ತಪ್ಪಾಯ್ತು. ಅವನಾಗಿದ್ದಿದ್ರೆ ಸೋಮವಾರವೇ ಹೇಳ್ತಿದ್ದ."

"ಏನಂತಾನೆ?" ಎಂದ ಡಾಬ್ಸ್.

"ಗುರುತಿಲ್ಲ ಅಂತಾನೆ" ಎಂದ ಶ್ಚೆಪಾನಿಕ್. ಉಳಿದದ್ದನ್ನೂ ಹೇಳಲು ಬಾಯಿ ತೆರೆದ. ಇಂಗ್ಲಿಷಿನಲ್ಲಿ ನೀವು ಎನ್ನುವುದಕ್ಕೂ ನೀನು ಎನ್ನುವುದಕ್ಕೂ ಒಂದೇ ಮಾತು. ಅದನ್ನು ಹೇಗೆ ಹೇಳಬೇಕೆಂದು ಅವನು ಹುಡುಕುತ್ತಿರುವಾಗ ಡಾಬ್ಸ್ ಕೈಯೆತ್ತಿ ತಡೆದ.

"ಸರಿ ಮತ್ತೆ. ಸೋಮವಾರ ನೀನು ಹೇಳಿದ್ದು ಸರಿಯಾಗೇ ಇತ್ತಲ್ಲ" ಎಂದು ಹ್ಯಾಟನ್ನು ತಲೆಯ ಮೇಲಿಟ್ಟುಕೊಂಡ.